ಗಾಂಜಾ ಕಿತ್ತವರ ಮನೆಯ ಔಷಧ

ಔಷಧದಂಗಡಿಗೆ ಬರುವ ಜನ ಸಂಕೋಚದ ವಿಷಯ ಕೇಳುವ ಬಗೆಯೇ ಬೇರೆ. ಉಳಿದ ಗಿರಾಕಿಗಳು ಹೋಗಲಿ ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಲ್ಲುತ್ತಾರೆ. ಮೊದಲು ಒಂದು ತಲೆನೋವಿನ ಗುಳಿಗೆ ಕೊಳ್ಳುತ್ತಾರೆ. ಆಮೇಲೆ ಕೌಂಟರಿನ ಮೇಲೆ ಬಾಗಿ ಕಿವಿಯಲ್ಲಿ ಹೇಳುತ್ತಾರೆ. ನಮ್ಮ ಅಬಕಾರಿ ಮಾವನಿಗೆ ಈ ವಿದ್ಯೆ ಬರುತ್ತಿರಲಿಲ್ಲ. ಕೊಟ್ಟೂರಿನ ಸಂತೆಯ ದಿನ, ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲದಾಗ, ಮೆಟ್ಟಿಲ ಮೇಲಿಂದಲೇ ಕೂಗಿ ಕೇಳಿದರು.

"ಏನೋ ಅಳಿಯಾ, ಗಾಂಜಾದ ಎಣ್ಣಿ ಇಟ್ಟೀಯೇನು?"

ಎಲ್ಲರೂ ತಿರುಗಿ ನೋಡಿದರು. ಸರ್ವಿಸ್ ಪೂರ್ತಿ ಗಾಂಜಾ ಗಿಡ ಕಿತ್ತು ನಿವೃತ್ತರಾದ ಮನುಷ್ಯ ಅವರು ಎಂಬುದು ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು. "ಸಾಹೇಬ್ರು ರಿಟೈರ್ ಆದ್ಮ್ಯಾಲ ಚಟ ಸುರು ಮಾಡ್ಯಾರ್ರಿ" ಎಂದು ಒಬ್ಬ ಅಂದ. ಜನ ನಕ್ಕರು, ನಾನೂ ನಕ್ಕೆ. ಮಾವ ನಗಲಿಲ್ಲ. "ನಗಬ್ಯಾಡ್ರಿ. ನಮ್ಮ ಮಗಳಿಗೆ ಬೇಕಾಗೈತಿ" ಎಂದರು. ಅವರ ಮಗಳ ವಿಷಯವೂ ಆ ಅರ್ಧ ಜನಕ್ಕೆ ಗೊತ್ತಿತ್ತು. ನಗು ನಿಂತಿತು.

ಮಾವ ತೀರಿಕೊಂಡು ಬಹಳ ದಿನವಾಗಿಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, ಅನುಮತಿ ಪಡೆದೀಯೇನು, ಅರ್ಜಿ ಎಲ್ಲಿ ಎಂದು ಎದ್ದು ಬಂದು ಕೇಳುವ ಪೈಕಿ ಅವರು. ಮಾವ ಎಂದರೂ ನನಗೆ ನೆಂಟರಲ್ಲ. ನಮ್ಮದು ವ್ಯಾಪಾರದ ಮನೆತನ, ಅವರದು ತೆಲಿಗಿ ಕಡೆಯ ಒಂದು ಹಳ್ಳಿಯ ಕುರಿ ಸಾಕುವ ಮನೆತನ. ಕೊಟ್ಟೂರಿನಲ್ಲಿ ನಮ್ಮ ಹಿಂದಿನ ಓಣಿಗೆ ಮನೆ ಕಟ್ಟಿಕೊಂಡು ಬಂದ ಮೇಲೆ ಅವರು ಮಾವ ಆದರು, ಅವರ ಹೆಂಡತಿ ಅತ್ತೆ ಆದರು, ನಾನು ಅವರಿಗೆ ಬಿಟ್ಟಿ ಅಳಿಯನಾದೆ.

ಅಬಕಾರಿ ಇಲಾಖೆಗೆ ಪೇದೆಯಾಗಿ ಸೇರಿ, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಂದು ನಮ್ಮ ಸೀಮೆಯನ್ನೆಲ್ಲ ಸುತ್ತಿ, ಪೇದೆಗಿಂತ ಒಂದೇ ಮೆಟ್ಟಿಲು ಮೇಲೇರಿ ಮನೆಗೆ ಬಂದವರು. ಕುರಿಗಾರರು ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು ಎರಡೂ ಕೈಯನ್ನು ಅದರ ಮೇಲೆ ಚೆಲ್ಲಿ ನಡೆಯುತ್ತಾರಲ್ಲ, ಖಾಕಿ ಹಾಕಿದ ಮೇಲೂ ಮಾವ ಲಾಠಿಯನ್ನು ಹಾಗೇ ಹೊತ್ತು ನಡೆಯುತ್ತಿದ್ದರಂತೆ. ಮೇಲಿನ ಅಧಿಕಾರಿಯೊಬ್ಬರು ಬೈದರೂ ಆ ರೂಢಿ ಹೋಗಲಿಲ್ಲ. ನಿವೃತ್ತಿಯ ನಂತರ ಲಾಠಿ ಹೋಗಿ ಕೊಡೆ ಬಂತು, ಅಷ್ಟೇ.

ಅವರ ಇಡೀ ನೌಕರಿ ಒಂದು ಮಾತಿನ ಮೇಲೆ ನಡೆದಿತ್ತು. "ಸಂಶಯ ಬಂತಂದ್ರ ಸೀಲ್ ಮಾಡು. ಖರೇ ಸುಳ್ಳು ಮ್ಯಾಲಿನವ್ರು ನೋಡ್ಕೋತಾರ" ಎನ್ನುತ್ತಿದ್ದರು. ತಾನೇ ನಿರ್ಧಾರ ಮಾಡುವುದು ದೊಡ್ಡ ಪಾಪ ಎಂದು ಅವರು ನಿಜವಾಗಿ ನಂಬಿದ್ದರು. ನಿರ್ಧಾರ ಮಾಡುವವನು ಲಂಚ ತಿನ್ನಲು ಕಲಿಯುತ್ತಾನೆ, ಸೀಲ್ ಮಾಡುವವನು ಉಂಡು ಸುಖವಾಗಿ ಮಲಗುತ್ತಾನೆ ಎಂಬುದು ಅವರ ತರ್ಕ. ಅವರ ಪ್ರಾಮಾಣಿಕತೆಯ ಬಗ್ಗೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಅವರ ಜೊತೆ ಬಸ್ಸಿನಲ್ಲಿ ಹೋಗಲು ಮಾತ್ರ ಎಲ್ಲರೂ ಹೆದರುತ್ತಿದ್ದರು.

ಅದಕ್ಕೆ ಕಾರಣವಿದೆ. ಒಮ್ಮೆ ರಜೆಯ ಮೇಲೆ ಹಂಪಸಾಗರಕ್ಕೆ ಯಾರದೋ ಮದುವೆಗೆ ಹೊರಟಿದ್ದರಂತೆ. ಕಿಟಕಿಯಿಂದ ನೋಡುತ್ತ ಕೂತವರು ಇದ್ದಕ್ಕಿದ್ದಂತೆ ಬಸ್ಸು ನಿಲ್ಲಿಸಿ, ಇಳಿದು, ಹತ್ತಿ ಹೊಲದ ಬದುವಿಗೆ ನುಗ್ಗಿ ಒಂದು ಗಿಡ ಕಿತ್ತರು. ಹೊಲದ ಮುದುಕಿ ಓಡಿ ಬಂದು, "ಎಪ್ಪಾ, ಪುಂಡಿ ಗಿಡ ಅದು! ಪಲ್ಯಕ್ಕ ಹಾಕೀನಿ!" ಎಂದು ಬಾಯಿ ಬಡಿದುಕೊಂಡಳು. ಪುಂಡಿಯ ಎಲೆಗೂ ಗಾಂಜಾದ ಎಲೆಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಮಾವ ಒಂದು ಎಲೆಯನ್ನು ಬಾಯಲ್ಲಿಟ್ಟರು. ಹುಳಿ! ಬೇರೆಯವರಾಗಿದ್ದರೆ ಕೈ ಮುಗಿದು ಬಸ್ಸು ಹತ್ತುತ್ತಿದ್ದರು. ಇವರು ಕಿಸೆಯಿಂದ ಕಾಗದ ತೆಗೆದು, ಕಿತ್ತ ಗಿಡ ಪುಂಡಿಯೆಂದು ಖಾತ್ರಿಯಾಗಿರುತ್ತದೆ ಎಂದು ಬರೆದು, ಕಂಡಕ್ಟರ್ ಮತ್ತು ಇನ್ನೊಬ್ಬ ಪ್ರಯಾಣಿಕನಿಂದ ಪಂಚರ ಸಹಿ ಹಾಕಿಸಿಕೊಂಡರು. ಬಸ್ಸಿನ ಜನ ಬೆವರುತ್ತ ಕೂತಿತ್ತು. ಈ ಕಥೆಯನ್ನು ಅವರೇ ಹೇಳಿ, ಎಲ್ಲರಿಗಿಂತ ಹೆಚ್ಚು ಅವರೇ ನಗುತ್ತಿದ್ದರು.

ನಗದೆ ಹೇಳುತ್ತಿದ್ದ ಕಥೆಯೂ ಒಂದಿತ್ತು. ಅವರ ಸ್ವಂತ ಸೋದರಮಾವ, ಮುದುಕ, ತೊಗರಿಯ ಸಾಲಿನ ನಡುವೆ ನಾಲ್ಕಾರು ಗಾಂಜಾ ಗಿಡ ಬೆಳೆಸಿಕೊಂಡಿದ್ದ. ಮಾರಲಿಕ್ಕಲ್ಲ, ತನ್ನ ಚಿಲುಮೆಗೆ. ಯಾರೋ ಅರ್ಜಿ ಹಾಕಿದರು. ಹೋದ ತಂಡದಲ್ಲಿ ಇವರಿದ್ದರು. ಹೊಲ ಯಾರದೆಂದು ಗೊತ್ತಿದ್ದೂ ಇವರೇ ಮುಂದಾಗಿ ಕಿತ್ತರು. ಮುದುಕ ಜೈಲಿಗೆ ಹೋಗಿ ಜಾಮೀನಿನ ಮೇಲೆ ಹೊರಬಂದ, ಕೇಸು ಮುಗಿಯುವ ಮೊದಲೇ ಸತ್ತ. ತಾಯಿಯ ತವರಿನವರು ಇವತ್ತಿಗೂ ಇವರ ಮನೆಯ ನೀರು ಮುಟ್ಟುವುದಿಲ್ಲ. "ಕಾನೂನು ನಮ್ಮ ಸೋದರಮಾವಗ ಬ್ಯಾರೆ ಐತೇನೋ ಅಳಿಯಾ?" ಎಂದು ಕೇಳುತ್ತಿದ್ದರು. ಕೇಳುವ ಧ್ವನಿಯಲ್ಲಿ, ಬೇರೆ ಐತಿ ಎಂದು ಯಾರಾದರೂ ಹೇಳಬಾರದೇ ಎಂಬ ಆಸೆ ಇತ್ತೆಂದು ನನಗೆ ಅನಿಸುತ್ತದೆ.

ಮಗಳು ಮಾಳಮ್ಮ. ಮದುವೆಯಾಗಿ ಬಹಳ ವರ್ಷಕ್ಕೆ, ಮೈಲಾರಲಿಂಗನಿಗೆ ಹರಕೆ ಹೊತ್ತು ಪಡೆದ ಒಬ್ಬಳೇ ಮಗಳು. ಸಣ್ಣವಳಿದ್ದಾಗಲೇ ಮೂರ್ಛೆ ರೋಗ ಅಂಟಿಕೊಂಡಿತು. ಈಗ ಇಪ್ಪತ್ತು ದಾಟಿದ ಹುಡುಗಿ. ಶಾಲೆ ಅರ್ಧಕ್ಕೆ ನಿಂತಿತು, ಮಾತು ತುಸು ನಿಧಾನ, ಆದರೆ ದಡ್ಡಿಯಲ್ಲ. ದಾವಣಗೆರೆಯ ನರರೋಗದ ಡಾಕ್ಟರು ಬರೆದ ಗುಳಿಗೆಗಳನ್ನು ನಮ್ಮ ಅಂಗಡಿಯಿಂದಲೇ ಒಯ್ಯುತ್ತಿದ್ದರು. ಗುಳಿಗೆಯ ಬಣ್ಣ ಬದಲಾಯಿತು, ಸಂಖ್ಯೆ ಹೆಚ್ಚಿತು, ಮೂರ್ಛೆ ನಿಲ್ಲಲಿಲ್ಲ. ವಾರದಲ್ಲಿ ಹಲವು ಸಲ ಬರುತ್ತಿತ್ತು. ಆ ಮನೆಯಲ್ಲಿ ಅವಳಿಗೆ ಒಲೆಯ ಹತ್ತಿರ ಹೋಗುವ ಹಾಗಿರಲಿಲ್ಲ, ಮಾಳಿಗೆ ಹತ್ತುವ ಹಾಗಿರಲಿಲ್ಲ, ಬಚ್ಚಲಿನ ಬಾಗಿಲು ಹಾಕಿಕೊಳ್ಳುವ ಹಾಗೂ ಇರಲಿಲ್ಲ.

ಒಮ್ಮೆ ನಮ್ಮ ಅಂಗಡಿಯ ಮುಂದೆಯೇ ಬಿದ್ದಳು. ಜನ ಸೇರಿತು. ಯಾರೋ ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕಲು ಬಂದ, ಇನ್ನೊಬ್ಬ ಉಳ್ಳಾಗಡ್ಡಿ ತರಲು ಓಡಿದ. ಮಾವ ಯಾರಿಗೂ ಬೈಯಲಿಲ್ಲ. ಮಗಳ ತಲೆಯ ಕೆಳಗೆ ಅಂಗೈ ಇಟ್ಟು, ಇನ್ನೊಂದು ಕೈಯಿಂದ ಗೊಂಚಲು ಇಸಕೊಂಡು ಅವನ ಕಿಸೆಗೇ ಹಾಕಿ, "ಬೀಗದ ಕೈ ಬೀಗಕ್ಕಿರ್ಲಪಾ" ಎಂದರು. ಆಮೇಲೆ ಅವಳು ಕಣ್ಣು ಬಿಡುವವರೆಗೂ "ಆತವ್ವ, ಆತು, ಮುಗೀತು" ಎನ್ನುತ್ತ ಕೂತರು. ಅಷ್ಟು ಜನ ನೋಡುತ್ತಿದ್ದಾರೆಂಬ ಪರಿವೆಯೇ ಇರಲಿಲ್ಲ. ಸಂತೆಯಲ್ಲಿ ಗಾಂಜಾ ಎಣ್ಣೆ ಕೇಳಿದಾಗ ನಾಚಿಕೆ ಯಾಕೆ ಬರಲಿಲ್ಲ ಎಂಬುದು ನನಗೆ ತಿಳಿದದ್ದು ಇದನ್ನು ನೆನೆದಾಗ.

ಆ ಎಣ್ಣೆಯ ಮಾತು ತೆಗೆದವರು ದಾವಣಗೆರೆಯ ಡಾಕ್ಟರು. ಸಿಬಿಡಿ ಎಂದು ಒಂದಿದೆ, ಗಾಂಜಾ ಜಾತಿಯ ಗಿಡದಿಂದಲೇ ತೆಗೆಯುತ್ತಾರೆ, ಗುಳಿಗೆಗೆ ಬಗ್ಗದ ಕೆಲವು ಬಗೆಯ ಮೂರ್ಛೆಗೆ ಅದರಿಂದ ಉಪಯೋಗವಾಗಿದೆ, ಎಲ್ಲರಿಗೂ ಆಗುತ್ತದೆಂದು ಹೇಳಲಾರೆ ಎಂದರಂತೆ. "ನಮ್ಮಲ್ಲಿ ಅದು ಆಯುರ್ವೇದದ ಲೈಸೆನ್ಸಿನಲ್ಲಿ ಸಿಗುತ್ತೆ, ನಾನು ಬರೆಯೋ ಹಾಗಿಲ್ಲ" ಎಂದೂ ಹೇಳಿದರಂತೆ. ಅಲ್ಲಿಂದ ಮಾವನ ವಿಚಾರಣೆ ಶುರುವಾಯಿತು. ದಿನವೂ ಊಟವಾದ ಮೇಲೆ ಅಂಗಡಿಯ ಬೆಂಚಿನ ಮೇಲೆ ಬಂದು ಕೂರುವರು. ಪ್ರಶ್ನೆ ಕೇಳುವ ರೀತಿ, ನಾನೇ ಆ ಎಣ್ಣೆ ಕದ್ದು ಸಾಗಿಸಿದವನೇನೋ ಎನ್ನುವಂತಿರುತ್ತಿತ್ತು.

"ಕುಡಿದ್ರ ನಿಶಾ ಏರ್ತೈತೇನು?"

"ಇಲ್ಲ ಮಾವ. ನಿಶಾ ಏರ್ಸೋ ಅಂಶ ಬ್ಯಾರೆ, ಸಿಬಿಡಿ ಬ್ಯಾರೆ. ಇದಕ್ಕ ನಿದ್ದಿಗಣ್ಣು ಬರಬೌದು, ನಿಶಾ ಇಲ್ಲ."

"ಆ ನಿಶಾದ ಅಂಶ ಒಂದು ಹನಿನೂ ಇರಂಗಿಲ್ಲ?"

"ಚೂರು ಇದ್ರೂ ಇರಬೌದು. ಕಂಪನಿಯವ್ರು ಪರೀಕ್ಷಾ ಮಾಡ್ಸಿದ ಕಾಗದ ಕೊಡ್ತಾರ."

"ಕಂಪನಿ ಕಾಗದ ಕಂಪನಿನ ಬರಿತೈತಿ. ರೂಢಿ ಬೀಳ್ತೈತೇನು?"

"ಬೀಳಂಗಿಲ್ಲ ಅಂತಾರ."

"ಈಗಿನ ಗುಳಿಗಿ ಜತಿಗೆ ಕೊಡಬೌದಾ?"

ಇದಕ್ಕೆ ನಾನು ಗಂಭೀರವಾಗಿ ಉತ್ತರಿಸಿದೆ. ಅವಳು ನುಂಗುವ ಗುಳಿಗೆಗಳಲ್ಲಿ ಒಂದರ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ, ಇನ್ನೊಂದರ ಜೊತೆ ಸೇರಿದರೆ ಲಿವರಿಗೆ ತೊಂದರೆಯಾಗಬಹುದು, ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು, ಡಾಕ್ಟರಿಗೆ ಹೇಳದೆ ಕೊಡಬಾರದು, ಗುಳಿಗೆಯನ್ನಂತೂ ಬಿಡಲೇಬಾರದು ಎಂದೆ. ಮಾವ ತಲೆಯಾಡಿಸಿ, ಬೇರೆ ದಿಕ್ಕಿನಿಂದ ಬಂದರು.

"ಕಾನೂನು ಏನಂತೈತಿ?"

ಕಾನೂನು ಅವರಿಗೇ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೂವಿನ ತೆನೆ ಇದ್ದರೆ ಗಾಂಜಾ, ಅಪರಾಧ. ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ, ಎಲೆಗೆ ರಾಜ್ಯ ರಾಜ್ಯದ ನಿಯಮ ಬೇರೆ. ಎಲೆಯಿಂದ ಮಾಡಿದ ಔಷಧವನ್ನು ಆಯುರ್ವೇದದ ಲೈಸೆನ್ಸ್ ಇದ್ದವರು ಮಾಡಬಹುದು, ವೈದ್ಯರ ಚೀಟಿ ಇದ್ದವರು ಕೊಳ್ಳಬಹುದು. ನಾನು ಇಷ್ಟನ್ನೂ ಒಪ್ಪಿಸಿದೆ. ಮಾವ ಕೊಡೆಯ ಹಿಡಿಯ ಮೇಲೆ ಗದ್ದ ಊರಿ ಕೇಳಿಸಿಕೊಂಡು, "ಹೊಲದಾಗ ನಿಂತ್ರ ಎಲಿ ಯಾವ್ದು ಹೂವು ಯಾವ್ದು ನಾ ಹೇಳ್ತೀನಿ. ಬಾಟ್ಲ್ಯಾಗ ಇಳಿದ ಮ್ಯಾಲ ಯಾರು ಹೇಳ್ಬೇಕೋ?" ಎಂದರು.

ಅವರ ಪ್ರಶ್ನೆಯಿಂದ ನನ್ನ ಅಂಗಡಿಗೆ ಬೇರೆಯದೇ ಕಾಟ ಶುರುವಾಯಿತು. ಮೊಣಕಾಲು ನೋವಿಗೆ ಆಗುತ್ತದೆಯೇ, ಸಕ್ಕರೆ ಕಾಯಿಲೆ ಹೋಗುತ್ತದೆಯೇ, ಕ್ಯಾನ್ಸರ್ ಕರಗುತ್ತದಂತೆ ಹೌದೇ, ಲಾರಿ ಓಡಿಸುವವನು ಕುಡಿದರೆ ತಪಾಸಣೆಯಲ್ಲಿ ಸಿಕ್ಕಿ ಬೀಳುತ್ತಾನೆಯೇ! ಮೊಬೈಲಿನಲ್ಲಿ ನೋಡಿ ಬಂದು ನನ್ನನ್ನು ಕೇಳುವವರು. ಎಲ್ಲ ರೋಗಕ್ಕೂ ಆಗುವ ಔಷಧ ಯಾವ ರೋಗಕ್ಕೂ ಆಗುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಸಿಟ್ಟು ಬಂದು ಒಬ್ಬನಿಗೆ ಬೈದೂಬಿಟ್ಟೆ.

ಮಾವ ಕೂಡ್ಲಿಗಿಯ ಕೋರ್ಟಿಗೆ ಹೋಗಿ ಪರಿಚಯದ ವಕೀಲರನ್ನು ಕಂಡರು. ನಾನೂ ಜೊತೆಗಿದ್ದೆ. "ನಡಿತೈತ್ರಿ, ಚೀಟಿ ಮಾತ್ರ ಯಾವಾಗ್ಲೂ ಜತಿಗಿಟ್ಕೊಳ್ರಿ" ಎಂದರು ವಕೀಲರು. "ಹಂಗಂತ ಬರದು ಕೊಡ್ರಿ" ಎಂದರು ಮಾವ. ವಕೀಲರು ನಕ್ಕು, "ಅದನ್ನೆಂಗ ಬರದು ಕೊಡ್ಲಿ ಯಜಮಾನ್ರೇ? ನಾಳೆ ಆ ಎಣ್ಣ್ಯಾಗ ಏನು ಬರ್ತೈತೋ ನನಗೇನು ಗೊತ್ತು?" ಎಂದರು. ಊರಿನ ಆಯುರ್ವೇದ ವೈದ್ಯರು, ಬರೆಯುವ ಅಧಿಕಾರ ನನಗಿದೆ, ಆದರೆ ಇಂಗ್ಲಿಷ್ ಗುಳಿಗೆ ನಡೆಯುತ್ತಿರುವ ಮೂರ್ಛೆಯ ರೋಗಿಗೆ ಬರೆಯುವ ಧೈರ್ಯವಿಲ್ಲ ಎಂದು ಕೈ ಮುಗಿದರು. ದಾವಣಗೆರೆಯ ಡಾಕ್ಟರಿಗೆ ಧೈರ್ಯವಿತ್ತು, ಅಧಿಕಾರವಿರಲಿಲ್ಲ. ಎಲ್ಲರೂ ಬಾಯಲ್ಲಿ ಹೌದೆಂದರು, ಕೈಯಲ್ಲಿ ಯಾರೂ ಬರೆಯಲಿಲ್ಲ. ಕೊನೆಗೆ ಬರೆದುಕೊಟ್ಟವರು ಎಣ್ಣೆ ಮಾರುವ ಕಂಪನಿಯ ಕಡೆಯ ಆಯುರ್ವೇದ ವೈದ್ಯೆ, ಫೋನಿನ ಪರದೆಯ ಮೇಲೆ ಮಾಳಮ್ಮನನ್ನು ನೋಡಿ, ಹಳೆಯ ಚೀಟಿಗಳನ್ನು ತರಿಸಿಕೊಂಡು.

ಕೊರಿಯರ್ ಬಂತು. ಹೆಬ್ಬೆರಳಿನಷ್ಟು ಬಾಟಲಿ. ಮಾವ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೆಳಿಗ್ಗೆ ಸಂಜೆ ತಾವೇ ಮಗಳ ನಾಲಗೆಯ ಕೆಳಗೆ ಹನಿ ಹಾಕುತ್ತಿದ್ದರು. ಮೊದಲ ಕೆಲವು ವಾರ ಏನೂ ಆಗಲಿಲ್ಲ, ಹುಡುಗಿ ಹೆಚ್ಚು ನಿದ್ದೆ ಮಾಡಿದಳು ಅಷ್ಟೇ. ಆಮೇಲೆ ಮೂರ್ಛೆ ದೂರ ದೂರವಾಯಿತು. ವಾರ ಕಳೆಯಿತು ಬರಲಿಲ್ಲ, ಇನ್ನೊಂದು ವಾರವೂ ಬರಲಿಲ್ಲ. ಎಣ್ಣೆಯಿಂದಲೇ ಆಯಿತೆಂದು ನಾನು ಔಷಧ ಓದಿದವನಾಗಿ ಹೇಳಲಾರೆ. ಹಾಗಾಗಿದ್ದಂತೂ ನಿಜ.

ಒಂದು ಮಧ್ಯಾಹ್ನ ಮಾವ ನನ್ನನ್ನು ಊಟಕ್ಕೆ ಎಳೆದುಕೊಂಡು ಹೋದರು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅತ್ತೆ ಮಾತ್ರ ಬಾಗಿಲಲ್ಲಿ ನಿಂತಿದ್ದರು. ಹಾಗಾದರೆ ಬಡಿಯುತ್ತಿರುವವರು ಯಾರು ಎಂದು ಇಣುಕಿದರೆ, ಮಾಳಮ್ಮ! ಮುಖದ ತುಂಬ ಹಿಟ್ಟು, ತುಟಿ ಕಚ್ಚಿಕೊಂಡು ಒಲೆಯ ಮುಂದೆ ಕೂತಿದ್ದಳು. ನಮ್ಮ ಕಡೆ ರೊಟ್ಟಿ ಬಡಿಯಲು ಬಾರದ ಹೆಣ್ಣನ್ನು ಹೆಣ್ಣೆಂದು ಯಾರೂ ಎಣಿಸುವುದಿಲ್ಲ. ಅದು ಸರಿಯಲ್ಲ, ಆದರೆ ಇರುವುದು ಹಾಗೆ. ಆ ಹುಡುಗಿ ಬೆಂಕಿಯನ್ನು ದೂರದಿಂದ ನೋಡಿಯೇ ಬೆಳೆದವಳು. "ಕುಂದ್ರು ಅಳಿಯಾ, ನಮ್ಮ ಮಾಳಿ ರೊಟ್ಟಿ ತಿನ್ನು" ಎಂದರು ಮಾವ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು, ನಡುವೆ ಕರಿಕಾಗಿತ್ತು. ಮಾವ ಮುರಿದು ಬಾಯಿಗಿಟ್ಟವರು ಅಗಿಯಲಾರದೆ ಹಾಗೇ ಕೂತರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಖಾರ ಆತೇನಪ್ಪ?" ಎಂದು ಅವಳು ಕೇಳಿದಳು. ನನಗೂ ಅಳು ಬಂತು.

ಅದೇ ಬಗೆಯಲ್ಲಿ ನಡೆದುಕೊಂಡು ಹೋಗಬಹುದಿತ್ತು. ಮುಂದಿನ ಬಾಟಲಿ ಬಂದ ದಿನ ಮಾವ ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದರು.

"ವಾಸನಿ ನೋಡು."

ಮೂಸಿದೆ. ನನಗೆ ಏನೂ ತಿಳಿಯಲಿಲ್ಲ. ಬಣ್ಣ ಮಾತ್ರ ಮೊದಲಿನದಕ್ಕಿಂತ ತುಸು ಗಾಢವಾಗಿತ್ತು.

"ಇದು ಎಲಿ ವಾಸನಿ ಅಲ್ಲ. ತೆನಿ ವಾಸನಿ. ಜಪ್ತಿ ಮಾಲಿನ ಗೋದಾಮಿನ್ಯಾಗ ಈ ವಾಸನಿ ಕುಡಕೊಂಡಾ ಬದುಕೀನಿ ನಾನು."

ಕಂಪನಿಗೆ ಫೋನ್ ಮಾಡಿದೆವು. ಗಿಡದಿಂದ ಬರುವ ಪದಾರ್ಥ, ಒಂದು ಸಲದ ಬಣ್ಣ ವಾಸನೆ ಇನ್ನೊಂದು ಸಲ ಇರುವುದಿಲ್ಲ, ಎಲ್ಲವೂ ನಿಯಮದ ಪ್ರಕಾರವೇ ಇದೆ ಎಂದು ಹುಡುಗಿಯೊಬ್ಬಳು ನಯವಾಗಿ ಹೇಳಿದಳು. ಅದು ನಿಜವೂ ಇರಬಹುದು. ಪುಂಡಿಯನ್ನು ಗಾಂಜಾ ಎಂದ ಮನುಷ್ಯನ ಮೂಗನ್ನು ಎಷ್ಟು ನಂಬುವುದು? "ಮಾವ, ಚೀಟಿ ಐತಿ, ಲೇಬಲ್ ಐತಿ, ಸುಮ್ನ ಕೊಡ್ರಿ" ಎಂದೆ. ಅವರು ಬಾಟಲಿಯನ್ನು ಕಿಸೆಗೆ ಹಾಕಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಮನೆಯಲ್ಲೇ ಕೂತು ಬಟ್ಟೆ ಸುತ್ತಿ, ದಾರ ಕಟ್ಟಿ, ಅರಗು ಕಾಯಿಸಿ ಸೀಲ್ ಮಾಡಿದರು. ಹೊಸ ಬಾಟಲಿಯನ್ನಷ್ಟೇ ಅಲ್ಲ, ತಾಳೆ ನೋಡಲು ಬೇಕೆಂದು ಹಳೆಯದರಲ್ಲಿ ಉಳಿದದ್ದನ್ನೂ. ತಾವು ಹಿಂದೆ ಕೆಲಸ ಮಾಡಿದ ಕಚೇರಿಗೆ ಒಯ್ದು, ಇದು ಎಲೆಯದೋ ಹೂವಿನದೋ ಪರೀಕ್ಷೆ ಮಾಡಿಸಿ ತಿಳಿಸಬೇಕೆಂದು ಅರ್ಜಿ ಕೊಟ್ಟರು. ಅಲ್ಲಿನ ಅಧಿಕಾರಿ ಹೊಸ ಹುಡುಗ, ಒಳ್ಳೆಯವನು. "ಯಜಮಾನ್ರೇ, ಇದನ್ನ ಯಾಕ ತಂದ್ರಿ? ನಾನು ನೋಡಿಲ್ಲ, ನೀವು ತಂದಿಲ್ಲ. ಮನಿಗೆ ಒಯ್ರಿ" ಎಂದನಂತೆ. "ನೋಡೀರಲ್ಲ ಸಾಹೇಬ್ರ" ಎಂದರಂತೆ ಇವರು. ಬರವಣಿಗೆಯಲ್ಲಿ ಕೊಟ್ಟ ಮೇಲೆ ಅವನಿಗೂ ದಾರಿಯಿರಲಿಲ್ಲ. ಬಾಟಲಿಗಳು ಲ್ಯಾಬಿಗೆ ಹೋದವು. ರಿಪೋರ್ಟ್ ಬರುವವರೆಗೆ ಇಂಥದ್ದನ್ನು ಬಳಸಬೇಡಿ ಎಂದು ಅವನು ಹೇಳಲೇಬೇಕಾಯಿತು, ಹೇಳಿದ.

"ತಲಿ ಕೆಟ್ಟೈತೇನ್ ಮಾವ ನಿಮ್ಗ!" ಎಂದು ನಾನು ಅಂಗಡಿಯಲ್ಲೇ ಕೂಗಾಡಿದೆ. ಮಾವ ಶಾಂತವಾಗಿದ್ದರು.

"ಸೋದರಮಾವನ ಗಿಡ ಕಿತ್ತೀನಿ, ನಮ್ಮ ಮನಿಗೆ ಬಂದಾಗ ಕಣ್ಣು ಮುಚ್ಚಲೇನು? ಅದಿರ್ಲಿ. ನನ್ ಕಾಲ ಆತು. ನಾಳೆ ನಾ ಇಲ್ದಾಗ ಯಾವನಾರ ಬಂದು, ಏನಿದು ಬಾಟ್ಲಿ ಅಂತ ನಿಮ್ಮತ್ತಿನ್ನ, ಮಾಳಿನ್ನ ಕೇಳಿದ್ರ? ಕೇಳೋರು ಹೆಂಗ ಕೇಳ್ತಾರ ಅಂತ ನಂಗೊತ್ತು, ನಾನಾ ಕೇಳಿದಾಂವ. ಸರ್ಕಾರದ ಕಾಗದ ಕೈಯಾಗಿದ್ರ ಆಕಿ ಜೀವಮಾನ ನಿಶ್ಚಿಂತಿ ಕುಡೀಬೌದು. ಸ್ವಲ್ಪ ದಿನ ತಡಿ."

ಆ ಮಾತಿನಲ್ಲಿ ತಪ್ಪು ಹುಡುಕಲು ನಾನು ಈಗಲೂ ಪ್ರಯತ್ನ ಮಾಡುತ್ತಿದ್ದೇನೆ.

ಬೇರೆ ಕಂಪನಿಯದನ್ನು ತರಿಸೋಣವೆಂದೆ, ಒಪ್ಪಲಿಲ್ಲ. ಅತ್ತೆ ಒಂದು ದಿನ ಮೆಲ್ಲಗೆ ಬಂದು, "ಅವರಿಗೆ ಗೊತ್ತಾಗದಂಗ ತರಸಪಾ, ನಾ ಹಾಕ್ತೀನಿ" ಎಂದರು. ತರಿಸಿಬಿಡುತ್ತಿದ್ದೆನೇನೋ. ಆದರೆ ಕದ್ದವರ ಮುಖ ನೋಡಿಯೇ ಬದುಕಿದ ಮನುಷ್ಯನಿಗೆ ಹೆಂಡತಿಯ ಮುಖ ಓದುವುದು ಕಷ್ಟವೇ? ಅವತ್ತು ಸಂಜೆಯೇ ಮಗಳನ್ನು ದೇವರ ಜಗಲಿಯ ಮುಂದೆ ಕೂರಿಸಿದರು. ಮೈಲಾರದಿಂದ ತಂದ ಭಂಡಾರ, ಎಂದರೆ ದೇವರ ಅರಿಶಿನದ ಪುಡಿ, ಅವರ ಮನೆಯಲ್ಲಿ ಸದಾ ಒಂದು ಚೀಲದಲ್ಲಿರುತ್ತದೆ. ಅದನ್ನು ಅವಳ ಅಂಗೈಗೆ ಹಾಕಿ, "ರಿಪೋರ್ಟ್ ಬಂದು ನಾ ಹೇಳೋವರೆಗೂ ಆ ಎಣ್ಣಿ ಬಾಯಾಗ ಹಾಕ್ಕೊಳ್ಳಂಗಿಲ್ಲ. ಅವ್ವ ಕೊಟ್ರೂ ಇಲ್ಲ, ಅಂಗಡಿ ಅಣ್ಣ ಕೊಟ್ರೂ ಇಲ್ಲ" ಎಂದರು. ಮಾಳಮ್ಮ ಹಣೆಗೆ ಬಳಿದುಕೊಂಡು, "ಇಲ್ಲಪ್ಪ" ಎಂದಳು. ಭಂಡಾರ ಮುಟ್ಟಿ ಇಟ್ಟ ಆಣೆಯನ್ನು ಇಡಿಸಿದವರೇ ಅದೇ ಜಗಲಿಯ ಮುಂದೆ ಬಿಡಿಸಬೇಕು, ಮುರಿದರೆ ಇಡಿಸಿದವರಿಗೆ ತಗಲುತ್ತದೆ ಎಂಬುದು ಅವರ ಮನೆತನದ ನಂಬಿಕೆ. ಅತ್ತೆ ಅಳುತ್ತ ಇದನ್ನು ನನಗೆ ಹೇಳಿದರು.

ಮೂರ್ಛೆ ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಒಲೆ ಮತ್ತೆ ಅವಳಿಗೆ ದೂರವಾಯಿತು. ಒಂದು ದಿನ ಹೊಸ್ತಿಲಿಗೆ ಬಿದ್ದು ಹಲ್ಲು ಮುರಿಯಿತು. ಮಾವ ಪ್ರತಿ ವಾರ ಕಚೇರಿಗೆ ಹೋಗುವರು. ಅಧಿಕಾರಿ ಅವರ ಎದುರಿಗೇ ಲ್ಯಾಬಿಗೆ ಫೋನ್ ಮಾಡುವನು. ಕೊಲೆ ಕೇಸಿನವೇ ಸಾಲಿನಲ್ಲಿ ನಿಂತಿವೆ, ನಿಮ್ಮದು ಬರುತ್ತದೆ ಎಂದು ಅಲ್ಲಿನವರು ಹೇಳುವರು. "ನಮ್ಮ ಕೈಯಾಗ ಇಲ್ಲ ಯಜಮಾನ್ರೇ" ಎಂದು ಇವನು ಹೇಳುವನು. ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆಂದು ಮಾವ ಒಮ್ಮೆ ಬಾಯಿಬಿಟ್ಟು ಕೇಳಿದರಂತೆ. ಹಾಗೆ ಮಾಡಲು ಬರುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು.

ಬೆಂಚಿನ ಮೇಲೆ ಬಂದು ಕೂರುವುದು ಬಿಡಲಿಲ್ಲ. ಪ್ರಶ್ನೆ ಕೇಳುವುದು ಬಿಟ್ಟರು. ಕೊಡೆ ಹೆಗಲ ಮೇಲಿಂದ ಇಳಿದು ನೆಲ ಊರುವ ಕೋಲಾಯಿತು. ಒಂದು ದಿನ, "ಅಳಿಯಾ, ಎಷ್ಟೋ ಮಂದಿದು ಸೀಲ್ ಮಾಡಿ ಕಳಸೀನಿ. ರಿಪೋರ್ಟ್ ಬಂತೋ ಇಲ್ಲೋ, ಅಲ್ಲಿಗಂಟ ಆ ಮನ್ಯಾಗ ಏನ್ ಮಾಡ್ತಿದ್ರೋ, ಒಂದಿನಾನೂ ಕೇಳಿಲ್ಲ ನೋಡು ನಾನು" ಎಂದರು. ಚಹಾ ತರಿಸಿದೆ. ಅದು ಆರಿ ಹೋಯಿತು.

ಮಾವ ಹೋದದ್ದು ಎದೆನೋವಿನಿಂದ. ಬೆಳಿಗ್ಗೆ ನೋವೆಂದರು, ದಾವಣಗೆರೆಗೆ ಕರೆದೊಯ್ಯುವ ದಾರಿಯಲ್ಲಿ ಹರಪನಹಳ್ಳಿ ಮುಟ್ಟುವ ಮೊದಲೇ ಉಸಿರು ನಿಂತಿತು. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿತ್ತು. ಏನೋ ಹೇಳಲು ಬಾಯಿ ತೆರೆದರು. ಆಣೆಯ ಮಾತಾಗಿತ್ತೋ, ನೀರು ಬೇಕಿತ್ತೋ, ನನಗೆ ತಿಳಿಯಲಿಲ್ಲ. ರಿಪೋರ್ಟ್ ಇವತ್ತಿಗೂ ಬಂದಿಲ್ಲ.

ದಿನಕರ್ಮ ಮುಗಿದ ಮೇಲೆ ಅತ್ತೆ ಅಂಗಡಿಗೆ ಬಂದರು. ಗಿರಾಕಿಗಳೆಲ್ಲ ಹೋಗುವವರೆಗೂ ಸುಮ್ಮನೆ ನಿಂತಿದ್ದು, "ಇನ್ನರ ತರಸಪಾ" ಎಂದರು. ಫೋನಿನ ವೈದ್ಯೆಯಿಂದ ಹೊಸ ಚೀಟಿ ಬರೆಸಿದೆ, ದಾವಣಗೆರೆಯ ಡಾಕ್ಟರಿಗೆ ತಿಳಿಸಿದೆ, ಬೇರೆ ಕಂಪನಿಯ ಬಾಟಲಿ ತರಿಸಿದೆ. ನಾನೇ ಒಯ್ದೆ. ಮಾಳಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಬಾಟಲಿ ನೋಡಿದವಳೇ ಎರಡೂ ತುಟಿಗಳನ್ನು ಒಳಗೆ ಮಡಚಿಕೊಂಡಳು.

"ಬಾಯಿ ತಗಿಯವ್ವಾ" ಎಂದರು ಅತ್ತೆ. ಅವಳು ತಲೆಯಾಡಿಸಿದಳು.

"ಮಾಳಮ್ಮ, ಇದು ಬ್ಯಾರೆ ಬಾಟ್ಲಿ. ಅಪ್ಪ ಕೊಟ್ಟಿದ್ದು ಅಲ್ಲ" ಎಂದೆ ನಾನು, ಮಕ್ಕಳಿಗೆ ಹೇಳುವ ಹಾಗೆ.

"ಎಣ್ಣಿ ಅದಾ ಅಲ್ಲೇನಣ್ಣ?" ಎಂದಳು. "ರಿಪೋರ್ಟ್ ಬಂದಿಲ್ಲ. ಅಪ್ಪ ಹೇಳಿಲ್ಲ."

"ಅಪ್ಪ ಎಲ್ಲದಾನವ್ವ ಹೇಳಾಕ?" ಎಂದು ಅತ್ತೆ ಕೂಗಿದರು.

"ಇಲ್ಲ. ಸತ್ತಾನ" ಎಂದಳು ಮಾಳಮ್ಮ ನಿಧಾನವಾಗಿ. "ಆಣಿ ಮುರದ್ರ ಅಪ್ಪಗ ಅಲ್ಲೂ ತ್ರಾಸ ಆಗ್ತೈತಿ. ನಂಗ ಫಿಟ್ಸ್ ಬಂದ್ರ ಬರ್ಲಿ ಬಿಡು."

ಅತ್ತೆ ಸೋತು ಕೂತರು. ಆಮೇಲೆ ನನ್ನ ಕಡೆ ತಿರುಗಿ, ಅವಳು ಕೇಳುತ್ತಿದ್ದಾಳೆಂಬ ಪರಿವೆಯೂ ಇಲ್ಲದೆ ಕೇಳಿದರು. "ನೀ ಓದಿದಾಂವ ಅದೀಯಪಾ. ಮಲಗಿದಾಗ ನಾ ಹಾಕಿದ್ರ ಆಣಿ ಮುರದಂಗ ಆಗ್ತೈತೇನು?"

ಮಾಳಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟು ಎದ್ದು ಬಂದೆ.

ಅವತ್ತಿನಿಂದ ಆ ಹುಡುಗಿ ಓಢಣಿಯನ್ನು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡು ಮಲಗುತ್ತಾಳೆ. ಮೂರ್ಛೆ ಬರುವವರು ಹಾಗೆ ಮಲಗಬಾರದು, ಉಸಿರು ಕಟ್ಟುತ್ತದೆ ಎಂದು ಹೋಗಿ ಹೇಳಿ ಬಂದೆ. ಕೇಳಿಲ್ಲ.